ಗಂಟಲು ಹೋಯಿತೆಂಬ ಫಾರ್ವರ್ಡ್

ಅಣ್ಣ (ಹಲವು ಬಾರಿ ಫಾರ್ವರ್ಡ್ ಆದದ್ದು): ಸ್ವೀಡನ್ನಿನ ಮೆಟಲ್ ಸಂಗೀತದ ಓಪೆತ್ ತಂಡದ ಗಾಯಕ ವರ್ಷಗಟ್ಟಲೆ ಗ್ರೌಲ್ ಮಾಡಿ (ಅಂದರೆ ಗಂಟಲಾಳದಿಂದ ಗರ್ಜಿಸುವಂತೆ ಹಾಡಿ) ಗಂಟಲು ಕಳೆದುಕೊಂಡದ್ದರಿಂದಲೇ 2011ರ ‘ಹೆರಿಟೇಜ್’ ಆಲ್ಬಮ್ ಸಪ್ಪೆಯಾಯಿತು. ಇಂಥ ಹಾಡು ಹಾಡುವ ಮಕ್ಕಳು ಮನೆಯಲ್ಲಿದ್ದರೆ ತಪ್ಪದೆ ಓದಿಸಿ.

ಅಣ್ಣ: ನಾನು ಅಂದೇ ಹೇಳಿರಲಿಲ್ಲವೆ?

ದೊಡ್ಡಪ್ಪ: ದೇವರು ಕೊಟ್ಟ ಕಂಠವನ್ನು ಹೀಗೆ ದಂಡಿಸಿದರೆ ಮತ್ತೇನಾಗುತ್ತದೆ? ಗರ್ಜನೆ ಬಿಟ್ಟು ಹಾಡಲು ಕುಳಿತಿದ್ದಾರೆಂದರೆ ಆ ಹುಡುಗರಿಗೆ ಬುದ್ಧಿ ಬಂದಿದೆ ಎಂದೇ ನಾನು ತಿಳಿಯುತ್ತೇನೆ.

ಭಾವ: ಈ ಮಾತನ್ನು ಹೇಳಿದವರು ಯಾರು, ಎಲ್ಲಿ ಹೇಳಿದರು ಎಂಬುದನ್ನು ಮೊದಲು ತಿಳಿಸು. ಹೋದ ಸಲವೂ ಆಧಾರವಿಲ್ಲದ ಸಂದೇಶವೊಂದನ್ನು ಹಾಕಿ, ಕೇಳಿದಾಗ ‘ಬಂದದ್ದನ್ನು ಕಳಿಸಿದೆ, ಅಷ್ಟೆ’ ಎಂದು ಜಾರಿಕೊಂಡಿದ್ದೆ.

ಅಣ್ಣ: ಆ ಆಲ್ಬಮ್ ಬಂದಾಗ ಎರಡನೆಯ ಹಾಡಿಗೇ ನಿಲ್ಲಿಸಿ, ‘ತಂಡದ ಕಥೆ ಮುಗಿಯಿತು’ ಎಂದು ಎಲ್ಲರ ಮುಂದೆ ತೀರ್ಪು ಕೊಟ್ಟವರು ನೀವೇ ಅಲ್ಲವೆ, ಭಾವ? ಅಂದು ನಿಮ್ಮ ಬಳಿ ಯಾವ ಆಧಾರವಿತ್ತು?

ಭಾವ: ಅದು ನನ್ನ ಕಿವಿಯ ಅಭಿಪ್ರಾಯ, ಇದು ಇನ್ನೊಬ್ಬರ ಗಂಟಲಿನ ಬಗೆಗಿನ ಆರೋಪ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ.

ಪುಟ್ಟ: ಓಪೆತ್ ಎಂದೊಡನೆ ನನಗೆ ‘ಬ್ಲ್ಯಾಕ್‌ವಾಟರ್ ಪಾರ್ಕ್’ ಸಿ.ಡಿ.ಯೇ ನೆನಪಾಗುತ್ತದೆ. ಅಣ್ಣ ಬಲಗಿವಿಯ ಹೆಡ್‌ಫೋನನ್ನು ತಾನಿಟ್ಟುಕೊಂಡು ಎಡಗಿವಿಯದನ್ನು ನನಗೆ ಕೊಡುತ್ತಿದ್ದನಾದ್ದರಿಂದ, ಆ ಆಲ್ಬಮ್ಮಿನಲ್ಲಿ ಇನ್ನೊಂದು ಗಿಟಾರ್ ಇದೆಯೆಂಬುದೇ ನನಗೆ ಬಹುಕಾಲ ಗೊತ್ತಿರಲಿಲ್ಲ. ಆ ಸಿ.ಡಿ. ಈಗ ಯಾರ ಬಳಿ ಇದೆ?

ಅಕ್ಕ: ಸಿ.ಡಿ.ಯ ವಿಚಾರಣೆ ಇನ್ನೊಂದು ದಿನ ನಡೆಯಲಿ. ‘ಹೆರಿಟೇಜ್’ ಅನ್ನು ಕೊನೆಯವರೆಗೆ ಕೇಳಿದವರು ಇಲ್ಲಿ ಯಾರಾದರೂ ಇದ್ದೀರಾ?

ನಾನು: ನಾನು ಕೇಳಿದ್ದೇನೆ, ಅಕ್ಕ, ಫಾರ್ವರ್ಡ್ ಬರೆದವರು ಕೇಳಿದಂತಿಲ್ಲ. 2003ರ ‘ಡ್ಯಾಮ್ನೇಶನ್’ನಲ್ಲಿಯೂ ಗ್ರೌಲ್ ಇರಲಿಲ್ಲ, ಆಮೇಲೆ 2005ರ ‘ಘೋಸ್ಟ್ ರೆವರೀಸ್’ನಲ್ಲಿಯೂ 2008ರ ‘ವಾಟರ್‌ಶೆಡ್’ನಲ್ಲಿಯೂ ಅದು ಮರಳಿ ಬಂದಿತು. ‘ಹೆರಿಟೇಜ್’ ಆದ ಮೇಲೂ ಆ ಗಾಯಕ ಮಿಕೇಲ್ ಓಕರ್‌ಫೆಲ್ಟ್ ವೇದಿಕೆಯ ಮೇಲೆ ಹಳೆಯ ಹಾಡುಗಳನ್ನು ಗ್ರೌಲ್ ಮಾಡಿಯೇ ಹಾಡಿದ್ದಾರೆ: 2017ರಲ್ಲಿ ಅಮೆರಿಕದ ರೆಡ್ ರಾಕ್ಸ್ ಬಯಲು ರಂಗಮಂದಿರದಲ್ಲಿ ದಾಖಲಾದ ‘ಡೆಲಿವರೆನ್ಸ್’ ಅನ್ನು ಯಾರು ಬೇಕಾದರೂ ಕೇಳಬಹುದು. 2024ರ ಆಲ್ಬಮ್ಮಿನಲ್ಲಂತೂ ಸ್ಟುಡಿಯೋದಲ್ಲಿಯೇ ಗ್ರೌಲ್ ಮರಳಿದೆ. ಹಾಳಾದ ಗಂಟಲಿಗೆ ಇಷ್ಟೆಲ್ಲ ಸಾಧ್ಯವೆ?

ನಾನು: ನಿಜವಾಗಿ ನಡೆದದ್ದು ಬೇರೆ. ಓಕರ್‌ಫೆಲ್ಟ್ ಮೊದಲು ‘ವಾಟರ್‌ಶೆಡ್’ ಧಾಟಿಯಲ್ಲಿಯೇ ಎರಡು ಹಾಡು ಬರೆದಿದ್ದರು; ಹೊಸ ಆಲ್ಬಮ್ಮೂ ಅದೇ ದಾರಿ ಹಿಡಿದರೆ ತನಗೆ ನಿರಾಸೆಯಾಗುತ್ತದೆ ಎಂದು ಬಾಸ್ ನುಡಿಸುವ ಮಾರ್ಟಿನ್ ಮೆಂಡೆಸ್ ಹೇಳಿದ ಮೇಲೆ ಅವೆರಡನ್ನೂ ಎಸೆದು ಹೊಸದಾಗಿ ಆರಂಭಿಸಿದರು. ಹೀಗೆ ಹುಟ್ಟಿದ ಈ ಹತ್ತನೆಯ ಆಲ್ಬಮ್ಮಿನಲ್ಲಿ, ದಟ್ಟ ಡಿಸ್ಟಾರ್ಷನ್ನಿನ (ಗಿಟಾರಿನ ಒರಟು ಧ್ವನಿಯ) ಗೋಡೆಯ ಬದಲು 1970ರ ದಶಕದ ಪ್ರೋಗ್ ರಾಕ್ (ಪ್ರಯೋಗಶೀಲ ರಾಕ್) ಮತ್ತು ಜಾಝ್ ಫ್ಯೂಷನ್ನಿನ (ಜಾಝ್-ರಾಕ್ ಬೆರಕೆಯ) ಗಾಳಿಯಾಡುವ ಧ್ವನಿ ಇದೆ. ಮೆಲೊಟ್ರಾನ್, ಹ್ಯಾಮಂಡ್ ಆರ್ಗನ್ ಎಂಬ ಹಳೆಯ ಕೀಬೋರ್ಡ್ ವಾದ್ಯಗಳು ಗಿಟಾರಿನ ಹಿಂದೆ ಅಡಗದೆ ಸರಿಸಮವಾಗಿ ನಿಲ್ಲುತ್ತವೆ. ‘ಫ್ಯಾಮಿನ್’ ಹಾಡಿಗೆ ಪೆರುವಿನ ಅಲೆಕ್ಸ್ ಅಕುನ್ಯಾ ತಾಳವಾದ್ಯವನ್ನೂ ಬ್ಯೋರ್ನ್ ಯೇಸನ್ ಲಿಂಡ್ ಕೊಳಲನ್ನೂ ನುಡಿಸಿದ್ದಾರೆ. ಗ್ರೌಲ್ ಇಲ್ಲವೆಂಬ ಒಂದೇ ಕೊರಗಿನಲ್ಲಿ ಕೂತವರಿಗೆ, ಮಾರ್ಟಿನ್ ಆಕ್ಸೆನ್‌ರಾಟ್ ಇಲ್ಲಿ ಎಷ್ಟು ಹಗುರವಾಗಿ ಡ್ರಮ್ ನುಡಿಸಿದ್ದಾರೆ ಎಂಬುದು ಕೇಳಿಸುವುದೇ ಇಲ್ಲ.

ಅಣ್ಣ: ಹಾಗಾದರೆ ಕೀಬೋರ್ಡಿನ ಪೇರ್ ವೀಬರ್ಗ್ ತಂಡವನ್ನೇಕೆ ಬಿಟ್ಟರು? ಮುಖಪುಟದಲ್ಲಿ ತಂಡದವರ ತಲೆಗಳೇ ಹಣ್ಣಾಗಿರುವ ಮರದಿಂದ ಉದುರುತ್ತಿರುವ ತಲೆ ಅವರದೇ ಅಲ್ಲವೆ?

ನಾನು: ತಲೆ ಅವರದೇ, ಅಣ್ಣ, ಆದರೆ ರೆಕಾರ್ಡಿಂಗಿನಲ್ಲಿ ನುಡಿಸಿದ ಮೇಲೆಯೇ ಅವರು ಹೊರಟದ್ದು. ಮುಖಪುಟವನ್ನು ಇಷ್ಟು ಸೂಕ್ಷ್ಮವಾಗಿ ನೋಡಿದ ನೀನು ಒಳಗಿನ ಹಾಡುಗಳಿಗೂ ಅಷ್ಟೇ ಸಮಯ ಕೊಡಬಹುದಿತ್ತು.

ದೊಡ್ಡಪ್ಪ: 2024ರಲ್ಲಿ ಮತ್ತೆ ಗರ್ಜಿಸಲು ಹೊರಟರೆಂದರೆ, ಬಂದ ಬುದ್ಧಿ ನಿಲ್ಲಲಿಲ್ಲ ಎಂದಾಯಿತು. ಹಿರಿಯರ ಎದುರು ಅಣ್ಣನಿಗೆ ಹಾಗೆ ಉತ್ತರ ಕೊಡುವುದೂ ಸರಿಯಲ್ಲ.

ಪುಟ್ಟ: ದೊಡ್ಡಪ್ಪ, ಅಣ್ಣನಿಗೆ ಅದು ಸಲ್ಲಬೇಕಾದದ್ದೇ, ನನ್ನ ಬಲಗಿವಿಯ ಲೆಕ್ಕ ಇನ್ನೂ ಬಾಕಿ ಇದೆ.

ಅಕ್ಕ: ನಿಮ್ಮ ಭಾವ ಒಂದು ಗಂಟೆಯಿಂದ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ, ಕರೆದರೂ ಓಗೊಡುತ್ತಿಲ್ಲ.

ಭಾವ: ಪೂರ್ತಿ ಕೇಳಿದೆ. ‘ಫ್ಯಾಮಿನ್’ನ ಕೊಳಲು ಚೆನ್ನಾಗಿದೆ, ‘ಫೋಕ್‌ಲೋರ್’ನ ಕೊನೆಯ ಭಾಗ ಇನ್ನೂ ಚೆನ್ನಾಗಿದೆ. ಆದರೆ ಹಲವು ಹಾಡುಗಳಲ್ಲಿ ಒಂದು ಭಾಗ ಮುಗಿದು ಇನ್ನೊಂದು ತೊಡಗುವಾಗ ಬೆಸುಗೆ ಕಾಣುತ್ತದೆ, ಆದ್ದರಿಂದ ನನ್ನ ಹಳೆಯ ತೀರ್ಪಿನಲ್ಲಿ ಅರ್ಧವನ್ನು ಮಾತ್ರ ಹಿಂತೆಗೆದುಕೊಳ್ಳುತ್ತೇನೆ. ಫಾರ್ವರ್ಡಿನ ಆಧಾರವನ್ನು ಇನ್ನೂ ಯಾರೂ ಕೊಟ್ಟಿಲ್ಲ.