ಟ್ರೇಲರ್‌ಗೆ ಬೀಗ ಎಲ್ಲಿ ಹಾಕಬೇಕ್ರಿ?

ಮಳೆಗಾಲ ಹಿಡಿದು ಸಕ್ಕರೆ ಕಾರ್ಖಾನೆ ಬಂದಾದ ಮೇಲೆ ಮುಧೋಳದ ಕಡೆ ಚಾದಂಗಡಿಯಲ್ಲಿ ಕಬ್ಬಿನ ರೇಟಿನ ಮಾತು ಇಳಿಯುತ್ತದೆ. ಟ್ರೇಲರ್‌ಗಳು ಹೊಲದ ಬದುವಿಗೆ, ರಸ್ತೆ ಪಕ್ಕದ ಬೇವಿನ ಗಿಡದ ಕೆಳಗೆ ನಾಲ್ಕೈದು ತಿಂಗಳು ಮೂಗು ನೆಲಕ್ಕಿಟ್ಟು ನಿಲ್ಲುತ್ತವೆ. ಕಳ್ಳರಿಗೆ ಅದೇ ಸುಗ್ಗಿ.

ಗೌಡ್ರು ಕೈಚೀಲದಿಂದ ಅಂಗೈ ಅಗಲದ ಬೀಗ ತೆಗೆದು ಬೆಂಚಿನ ಮೇಲೆ ಕುಟ್ಟಿದರು.

"ಅಲಿಗಡದ ಮಾಲು. ಅಂಗಡ್ಯಾಂವ ಹೇಳ್ಯಾನ, ಆನಿ ಎಳದ್ರೂ ಬರಂಗಿಲ್ಲಂತ."

"ಆನಿ ಯಾಕ ಎಳಿತೈತ್ರಿ ಗೌಡ್ರ? ಕಳ್ಳ ಟ್ರ್ಯಾಕ್ಟರ್ ತಂದಿರ್ತಾನ," ಎಂದರು ವೆಲ್ಡಿಂಗ್ ಕಾಕಾ. "ಮೊದ್ಲ ಬೀಗ ಎಲ್ಲಿ ಹಾಕ್ತೀರಿ ಹೇಳ್ರಿ."

"ಎಲ್ಲಿ ಅಂದ್ರ? ಹಿಂದಿನ ಬಾಗಲಕ್ಕ."

ಚಾ ಕುಡಿಯುತ್ತಿದ್ದ ಡ್ರೈವರ್ ತಮ್ಮನಿಗೆ ನೆತ್ತಿಗೇರಿತು. "ಒಳಗ ಏನೈತ್ರಿ? ಒಂದು ಹಿಡಿ ರವದಿ. ಕಳ್ಳಗ ಒಳಗಿಂದ ಬೇಕಾಗಿಲ್ಲ, ಟ್ರೇಲರ್ ಡಬ್ಬೀನ ಬೇಕಾಗೇತಿ. ಬಾಗಲಕ್ಕ ಬೀಗ ಜಡದ್ರ ಬೀಗದ ಸಮೇತ ಹೋಗ್ತೈತಿ. ಅವಗ ಬೀಗ ಫುಕಟ್!"

"ಹಂಗಾದ್ರ ಮುಂದ ಹಾಕ್ತೀನಿ."

"ಮುಂದ ಅಂದ್ರ?"

ಗೌಡ್ರು ಸುಮ್ಮನಾದರು. ಮುಂದೆ ಎಂದರೆ ಮೂಕಿಯ, ಅಂದರೆ ಟ್ರೇಲರ್‌ನ ಮುಂದೆ ಚಾಚಿದ ಎಳೆಯುವ ತೊಲೆಯ, ತುದಿಯ ರಿಂಗು. ಟ್ರ್ಯಾಕ್ಟರ್‌ನ ಹಿಂಬದಿ ಹುಕ್ಕಿಗೆ ಆ ರಿಂಗು ಕೂಡಿಸಿ ಮೇಲಿಂದ ಪಿನ್ನು ಇಳಿಬಿಟ್ಟರೆ ಟ್ರೇಲರ್ ಹೊರಡುತ್ತದೆ. ಆ ತೂತು ಖಾಲಿ ಬಿಟ್ಟರೆ ಯಾವ ಊರಿನ, ಯಾವ ಕಂಪನಿಯ ಟ್ರ್ಯಾಕ್ಟರ್ ಬಂದರೂ ನಡೆಯುತ್ತದೆ. ಕೀಲಿ ಬೇಡ, ಇಂಜಿನ್ ಚಾಲೂ ಮಾಡುವುದು ಬೇಡ, ಎರಡು ನಿಮಿಷದ ಕೆಲಸ.

"ರಿಂಗಿನಾಗ ನಿಮ್ಮ ಬೀಗದ ಕೊಂಡಿ ಸಿಗಸ್ತೀರಿ ಅಂತಿಟ್ಕೋರಿ," ಕಾಕಾ ಬೀಗ ಎತ್ತಿ ತೋರಿಸಿದರು. "ಇದರ ಕೊಂಡಿ ಹತ್ತು ಎಮ್ಮೆಮ್ಮು. ರಿಂಗಿನ ತೂತು ಅದರ ನಾಕೈದು ಪಟ್ಟು. ಉಳದ ಜಾಗದಾಗ ಕಬ್ಬಿಣ ಕತ್ತರಸೋ ಕಟರ್ ಬಾಯಿ ಆರಾಮ ಹೊಕ್ಕೈತಿ. ಉದ್ದ ಹಿಡಿಕಿ ಕಟರ್ ಇದ್ರ ಒಂದ ಏಟು. ಬ್ಯಾಟರಿ ಗ್ರೈಂಡರ್ ಇದ್ರ ಕಟರೂ ಬ್ಯಾಡ. ಬೀಗ ದೊಡ್ಡದಿದ್ರ ಏನೂ ಆಗಂಗಿಲ್ಲ. ಕೊಂಡಿ ಎಷ್ಟು ಹೊರಗ ಕಾಣತೈತಿ, ಅಷ್ಟು ಬೀಗ ಸತ್ತಂಗ."

"ಮತ್ತ ಏನ ಮಾಡಬೇಕು?"

"ತೂತ ತುಂಬಬೇಕು."

ಕಾಕಾ ಸೀಮೆಸುಣ್ಣ ತೆಗೆದು ಬೆಂಚಿನ ಮೇಲೆ ಬರೆಯತೊಡಗಿದರು. ಚಾದಂಗಡಿ ಅಕ್ಕ "ಬೆಂಚ್ ಮ್ಯಾಗ ಬರೀಬ್ಯಾಡ್ರಿ" ಎಂದದ್ದು ಅವರ ಕಿವಿಗೆ ಬೀಳಲಿಲ್ಲ.

"ರಿಂಗಿನ ಒಳಗಿನ ಅಳತಿ ತಗೀರಿ. ಒಂದ ಕಡೆ ಅಲ್ಲ, ಅಡ್ಡ ಒಂದು, ಉದ್ದ ಒಂದು. ವರ್ಷಗಟ್ಟಲೆ ಎಳದ ರಿಂಗು ದುಂಡಗ ಉಳದಿರಂಗಿಲ್ಲ, ತತ್ತಿ ಆಗಿರ್ತೈತಿ. ಸಣ್ಣ ಅಳತಿಗಿಂತ ಎರಡ ಮೂರು ಎಮ್ಮೆಮ್ಮು ಕಮ್ಮಿ ದಪ್ಪದ ರಾಡು ತಗೋಬೇಕು. ಅದರ ಒಂದು ತುದಿಗೆ ಹನ್ನೆರಡು ಎಮ್ಮೆಮ್ಮಿನ ದುಂಡ ಪ್ಲೇಟು, ರಿಂಗಿನ ತೂತಿಗಿಂತ ಸುತ್ಲೂ ಒಂದ ಇಂಚರ ಅಗಲ. ಇದು ಮುಚ್ಚಳ. ಮ್ಯಾಲಿಂದ ಇಳಿಬಿಟ್ರ ಮುಚ್ಚಳ ರಿಂಗಿನ ಮ್ಯಾಗ ಕುಂದರತೈತಿ, ರಾಡು ಕೆಳಗ ಬರತೈತಿ. ಕೆಳಗಿಂದ ಇನ್ನೊಂದು ತೂತಿನ ಪ್ಲೇಟು ಏರಿಸಿ, ಅದರ ಕೆಳಗ ರಾಡಿನಾಗ ಕೊರದ ತೂತಿನಾಗ ಬೀಗ."

"ಬೀಗ ಕೆಳಗ್ಯಾಕ? ಕೀಲಿ ಹಾಕಾಕ ನಾ ಮಣಕಾಲ ಊರಬೇಕೇನು?"

"ಊರ್ರಿ. ಮ್ಯಾಗಿದ್ರ ಮಳಿ ನೀರು ಕೀಲಿ ತೂತಿನಾಗ ನಿಂತು ಶ್ರಾವಣದೊಳಗ ತುಕ್ಕ ಹಿಡಿತೈತಿ. ಕಾರ್ಖಾನಿ ಚಾಲೂ ಆಗೋ ದಿವಸ ನಿಮ್ಮ ಬೀಗ ನೀವ ಒಡಿಬೇಕಾಗ್ತೈತಿ, ಅದಕ್ಕೂ ನನ್ನ ಗ್ರೈಂಡರ್‌ಗ ಬರ್ತೀರಿ. ಕೆಳಗಿದ್ರ ನೀರು ತಾನ ಇಳದ ಹೋಗ್ತೈತಿ."

"ಕೆಳಗೂ ಕೊಂಡಿ ಕಾಣತೈತಲ್ಲ ಕಾಕಾ?" ತಮ್ಮ ಕೆಣಕಿದ.

"ಅದಕ್ಕ ಪೈಪು. ನಾಕ ಇಂಚ ಅಗಲ, ಆರ ಎಮ್ಮೆಮ್ಮು ದಪ್ಪದ ಪೈಪಿನ ತುಂಡು ಕೆಳಗಿನ ಪ್ಲೇಟಿಗೆ ಬೆಸಿಗಿ ಹಾಕಬೇಕು. ಬೀಗ ಪೂರಾ ಪೈಪಿನೊಳಗ. ಕೈ ಹೋಗಬೇಕು, ಕಟರ್ ಬಾಯಿ ತಗಿಯಾಕ ಜಾಗ ಇರಬಾರದು. ಇನ್ನೊಂದು ಮಾತು: ಎರಡು ಪ್ಲೇಟಿನ ನಡುವ ರಿಂಗು ಲಡಲಡ ಅನ್ನಬಾರದು. ಮೂರ ಎಮ್ಮೆಮ್ಮಿಗಿಂತ ಹೆಚ್ಚು ಆಟ ಇದ್ರ ಹಾರಿ ತುದಿ ಹಾಕಿ ಮೀಟತಾರ."

ಮಾಸ್ತರ್ರು ಕನ್ನಡಕ ಏರಿಸಿದರು. "ರಾಡು ಯಾವದು? ಬಿಲ್ಡಿಂಗ್ ಕಟ್ಟೋದು?"

"ಅದು ಬೆಣ್ಣಿ. ಗುಜರಿಯೊಳಗ ಟ್ರ್ಯಾಕ್ಟರ್‌ದ ಹಳೇ ಎಕ್ಸಲ್ ಶಾಫ್ಟ್ ಸಿಗತಾವ, ಅದು ಆಗಬೇಕು. ಹ್ಯಾಕ್ಸಾ ಬ್ಲೇಡು ಅದರ ಮ್ಯಾಗ ಜಾರಿ ಹೋಗ್ತೈತಿ. ಆದ್ರ ಡ್ರಿಲ್ ಬಿಟ್ಟೂ ಜಾರತೈತಿ! ತೂತ ಹಾಕೋ ಜಾಗ ಅಷ್ಟ ಕೆಂಪಗ ಕಾಸಿ, ಬೂದ್ಯಾಗ ಹುಗದ ನಿಧಾನ ಆರಸಬೇಕು, ಆಮ್ಯಾಲ ಕೊರಿಬೇಕು. ಅವಸರಕ್ಕ ನೀರಾಗ ಅದ್ದಿದ್ರ ಇನ್ನೂ ಗಟ್ಟಿ ಆಗ್ತೈತಿ. ಬೆಸಿಗಿನೂ ಹಂಗ. ಖಿಡಕಿ, ಗೇಟಿಗೆ ಹೊಡಿಯೋ ಮಾಮೂಲಿ ರಾಡಿನಿಂದ ಶಾಫ್ಟಿಗೆ ಪ್ಲೇಟ್ ಹಚ್ಚಿದ್ರ ನೋಡಾಕ ಚಂದ ಕಾಣತೈತಿ, ಬೆಸಿಗಿ ಮಗ್ಗಲದಾಗ ಕೂದಲದಷ್ಟು ಸೀಳು ಬಿಟ್ಟಿರತೈತಿ. ನಾಕ ಏಟ ಸುತ್ತಿಗಿ ಬಿದ್ರ ಮುಚ್ಚಳ ಹಾರ್ತು. 7018 ನಂಬರಿನ ಬೆಸಿಗಿ ರಾಡು ಬೇಕು, ಅದೂ ಒಣಗಿದ್ದು. ಬೆಸಿಗಿಗೆ ಮೊದ್ಲ ಶಾಫ್ಟ್ ಕಾಸಬೇಕು, ಬೆಸಿಗಿ ಆದಮ್ಯಾಲ ಗಾಳಿಗಿಡದ ಮುಚ್ಚಿ ಆರಸಬೇಕು."

"ಇಷ್ಟ ಮಾಡಿದ್ರ ಕಳ್ಳ ಬರಂಗಿಲ್ಲ?"

"ಬರ್ತಾನ," ಎಂದ ತಮ್ಮ, ಗೌಡ್ರ ಮುಖ ಅರಳುವ ಮೊದಲೇ. "ರಿಂಗಿಗೆ ಬೀಗ ಐತಿ ಅಂತ ನೋಡ್ತಾನ. ಮೂಕಿಗೆ ವಾಯರ್ ರೋಪ್ ಸುತ್ತತಾನ, ಹುಕ್ಕಿಗೆ ಕಟ್ಟತಾನ, ಒಂದನೇ ಗೇರಿನ್ಯಾಗ ಎಳಕೊಂಡ ಹೋಗ್ತಾನ. ನಿಮ್ಮ ಬೀಗಕ್ಕ ಕೈಯೂ ಹಚ್ಚಂಗಿಲ್ಲ. ಕಳ್ಳ ಬೀಗ ಒಡಿಯಾಂವಲ್ಲರಿ ಗೌಡ್ರ, ಬೀಗ ಇಲ್ಲದ ಕಡೆ ಹಿಡಿಯಾಂವ."

ಈ ಮಾತಿಗೆ ಕಾಕಾ ಕೂಡ ತಲೆಯಾಡಿಸಿದರು. ರಿಂಗಿನ ಬೀಗ ಮಾಡಿಸಿದವರು ಅರ್ಧಕ್ಕೇ ನಿಲ್ಲುವುದು ಇಲ್ಲೇ. ಟ್ರೇಲರ್ ಕೂಡಿಸದಂತೆ ತಡೆಯುವುದು ಒಂದು ಕೆಲಸ, ಉರುಳದಂತೆ ತಡೆಯುವುದು ಇನ್ನೊಂದು.

"ದೊಡ್ಡ ಟ್ರೇಲರ್‌ಗೂ ಇದ ಹಣೇಬರಹ," ತಮ್ಮ ಮುಂದುವರಿಸಿದ. ಅವನು ನಲವತ್ತು ಅಡಿ ಕಂಟೇನರ್ ಎಳೆಯುವವನು, ಹುಬ್ಬಳ್ಳಿಯಿಂದ ನ್ಹಾವಾ ಶೇವಾ ಬಂದರಿನ ತನಕ ಅವನ ರಾಜ್ಯ. "ಅದಕ್ಕ ರಿಂಗಿಲ್ಲ, ಹೊಟ್ಟಿ ಕೆಳಗ ಕಿಂಗ್‌ಪಿನ್ ಇರತೈತಿ. ಹೆಚ್ಚಾಗಿ ಎರಡ ಇಂಚಿಂದು, ಬಾಳ ಭಾರದ್ದಕ್ಕ ಮೂರೂವರಿ. ಕುದರಿ, ಅಂದ್ರ ಎಳಿಯೋ ಮುಂದಿನ ಲಾರಿ, ಹಿಂದ ಸರದು ಬಂದ್ರ ಅದರ ಮ್ಯಾಲಿನ ತಾಟು ಆ ಪಿನ್ನಿನ ಕುತಗಿ ಹಿಡಕೋತೈತಿ. ಆ ಕುತಗಿಗೆ ಉಕ್ಕಿನ ಟೊಪ್ಪಿಗಿ ಹಂಗ ಲಾಕ್ ಬರತೈತಿ, ಅದನ್ನ ಹಾಕಿದ್ರ ತಾಟಿನ ದವಡಿ ಮುಚ್ಚಂಗಿಲ್ಲ. ಅಲ್ಲೂ ಸೋವಿ ಮಾಲು ಸತುವಿನ ಎರಕದ್ದು, ಸುತ್ತಿಗಿಗೆ ಒಡದು ಹೋಗ್ತೈತಿ. ಇನ್ನ ಗ್ರೀಸು. ಕಿಂಗ್‌ಪಿನ್ ಅಂದ್ರ ಗ್ರೀಸ್ ಮುದ್ದಿ. ಒರಿಸದ ಹಾಕಿದ್ರ ಗ್ರೀಸಿಗೆ ಧೂಳ ಕೂಡಿ ಕೀಲಿ ತೂತ ಸಿಮೆಂಟ್ ಹಾಕಿದಂಗ ಆಗ್ತೈತಿ."

"ಬ್ರೇಕ್ ಇರತೈತಲ್ಲ ಅದಕ್ಕ?"

"ಅದ ಅದರ ಪುಣ್ಯ. ಸ್ಪ್ರಿಂಗ್ ಬ್ರೇಕ್ ಇದ್ದದ್ದು ಗಾಳಿ ಇಲ್ದಾಗ ತಾನ ಬ್ರೇಕ್ ಹಿಡದ ನಿಂದರತೈತಿ. ಕೆಂಪು ಪೈಪಿನಿಂದ ಗಾಳಿ ಕೊಟ್ರ ಮಾತ್ರ ಬಿಡತೈತಿ. ಅದಕ್ಕ ಆ ಕೆಂಪು ಪೈಪಿನ ಬಾಯಿಗೊಂದು ಬೀಗ ಮಾಡ್ಯಾರ. ಆದ್ರ ಕೆಲಸ ಬಲ್ಲ ಕಳ್ಳ ಆ ಬಾಯೀನ ಪಾನಾ ಹಾಕಿ ತಿರವಿ ಬಿಚ್ಚಿ ತನ್ನದ ಕೂಡಸ್ತಾನ. ಇಲ್ಲಾ, ಬ್ರೇಕ್ ಡಬ್ಬಿಗೆ ಉದ್ದನ ಬೋಲ್ಟ್ ಹಾಕಿ ಸ್ಪ್ರಿಂಗ್ ಹಿಂಡಿ ಬಿಡ್ತಾನ, ಗ್ಯಾರೇಜಿನ್ಯಾಗ ಮಾಡ್ತಾರಲ್ಲ ಹಂಗ. ನಾಕ ಚಕ್ರಕ್ಕ ಅದ ಮಾಡಾಕ ಹೊತ್ತು ಹೋಗ್ತೈತಿ ಅನ್ನೂದಷ್ಟ ಲಾಭ."

"ನಮ್ಮದಕ್ಕ ಗಾಳಿ ಬಿಟ್ರ ಏನಾಗ್ತೈತಿ?" ಗೌಡ್ರು ಆಸೆಯಿಂದ ಕೇಳಿದರು.

"ಟೈರ್ ಪಂಚರ್ ಆಗ್ತೈತಿ. ಬ್ರೇಕ್ ಇದ್ರ ತಾನ ಹಿಡಿಯಾಕ!"

ಕಬ್ಬಿನ ಟ್ರೇಲರ್‌ಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇರುವುದಿಲ್ಲ ಎಂಬುದು ಬೆಂಚಿನಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ನಾಲ್ಕು ಜನ ಹೆಗಲು ಕೊಟ್ಟರೆ ಖಾಲಿ ಡಬ್ಬಿ ಇಳಿಜಾರಿನಲ್ಲಿ ತಾನೇ ಹೊರಡುತ್ತದೆ. ಆದ್ದರಿಂದ ಚಕ್ರಕ್ಕೆ ಸರಪಳಿ.

"ಡಿಸ್ಕಿನ ತೂತಿನಾಗ ಹಾಯಿಸಿ, ಚಾಸಿಗೆ ಸುತ್ತಿ ಕಟ್ಟಬೇಕು," ಎಂದರು ಕಾಕಾ. "ಬರೇ ಎರಡು ಚಕ್ರ ಕೂಡಿಸಿ ಕಟ್ಟಿದ್ರ ಎರಡೂ ಕೂಡೇ ತಿರಗತಾವ, ಸರಪಳಿ ಸಡ್ಲ ಇದ್ರಂತೂ ಆರಾಮ. ಬಾವಿಗೆ ಹಾಕೋ ಸರಪಳಿ ತರಬ್ಯಾಡ್ರಿ. ಗಟ್ಟಿ ಮಾಡಿದ ಉಕ್ಕಿಂದು ಕೇಳ್ರಿ, ಹತ್ತ ಎಮ್ಮೆಮ್ಮಿಗಿಂತ ಕಮ್ಮಿ ಬ್ಯಾಡ. ಅಂಗಡ್ಯಾಗ ಕಾನಸು ತಿಕ್ಕಿ ನೋಡ್ರಿ, ಜಾರಿದ್ರ ತಗೋರಿ, ಕಚ್ಚಿದ್ರ ಬಿಡ್ರಿ. ಮತ್ತ ಸರಪಳಿ ನೆಲಕ್ಕ ಮುಟ್ಟಬಾರದು."

"ಹೊಲಸ ಆಗ್ತೈತೇನು?"

"ಅಯ್ಯ ಮಾರಾಯಾ! ನೆಲಕ್ಕ ಬಿದ್ದಿದ್ರ ಕಟರಿನ ಒಂದು ಹಿಡಿಕಿ ನೆಲಕ್ಕ ಊರಿ ಇನ್ನೊಂದರ ಮ್ಯಾಗ ಮೈಭಾರ ಹಾಕ್ತಾನ. ಗಾಳ್ಯಾಗ ಬಿಗದಿದ್ರ ಎರಡೂ ಕೈಯಾಗ ಹಿಂಡಬೇಕು, ಅರ್ಧ ಬಲಾನೂ ಬರಂಗಿಲ್ಲ."

ಅಕ್ಕ ಗ್ಲಾಸು ಒರೆಸುತ್ತ ಕೇಳಿದಳು: "ಇಷ್ಟೆಲ್ಲಾ ಮಾಡೂಕಿಂತ ಮೂಕೀನ ಬಿಚ್ಚಿ ಮನಿಗೆ ಒಯ್ಯಾಕ ಬರಂಗಿಲ್ಲೇನು?"

ಬೆಂಚು ಒಂದು ಗಳಿಗೆ ಗಪ್ಪಾಯಿತು.

"ಬರತೈತಿ," ಎಂದರು ಕಾಕಾ ಸ್ವಲ್ಪ ಮುನಿಸಿನಿಂದ. "ನಾಕ ಗಾಲೀದಿದ್ರ. ಅದಕ್ಕ ಮುಂದಿನ ಗಾಲಿ ತಿರಗಸೋ ಟರ್ನ್ ಟೇಬಲ್ ಇರತೈತಿ, ಮೂಕಿ ಎರಡು ಪಿನ್ನಿನ ಮ್ಯಾಗ ನಿಂತಿರತೈತಿ. ಪಿನ್ ಬಿಚ್ಚಿದ್ರ ಮೂಕಿ ಕೈಗೆ ಬರತೈತಿ. ಎಳಿಯಾಕ ಹಿಡಿಕೀನ ಇಲ್ಲ, ಬೀಗದ ಖರ್ಚೂ ಇಲ್ಲ. ಎರಡ ಗಾಲಿ ಡಬ್ಬಿಗೆ ಮೂಕಿ ಚಾಸಿಗೆ ಬೆಸಿಗಿ ಆಗಿರತೈತಿ, ಅದಕ್ಕ ಬರಂಗಿಲ್ಲ."

"ನಾ ಹೇಳಿದ್ದ ಆತಲ್ಲ."

"ಆತು, ಒಂದ ಚಾ ಕೊಡವಾ."

ನಿಲ್ಲಿಸುವ ರೀತಿಯಲ್ಲೇ ಅರ್ಧ ಬೀಗ ಇದೆ ಎಂಬುದರ ಮೇಲೆ ಜಗಳವಾಗಲಿಲ್ಲ. ರಿಂಗನ್ನು ಗೋಡೆಗೆ ಇಲ್ಲವೆ ಗಿಡದ ಬೊಡ್ಡೆಗೆ ಮುಖ ಮಾಡಿ ನಿಲ್ಲಿಸಿದರೆ ಟ್ರ್ಯಾಕ್ಟರ್ ಹಿಂದೆ ಸರಿದು ಬರಲು ಜಾಗವಿರುವುದಿಲ್ಲ. ಎರಡು ಡಬ್ಬಿ ಇದ್ದವರು ಮೂತಿಗೆ ಮೂತಿ ತಾಗಿಸಿ, ಎರಡೂ ರಿಂಗಿಗೆ ಒಂದೇ ರಾಡಿನ ಬೀಗ ಹಾಕಬಹುದು. ರಾಡು ಮಾತ್ರ ಒಂದು ರಿಂಗಿನ ದಪ್ಪದಷ್ಟು ಉದ್ದ ಹೆಚ್ಚಿರಬೇಕು. ಚಕ್ರ ಬಿಚ್ಚಿ ಒಯ್ಯುವ ಮಾತು ಬಂದಾಗ ಗೌಡ್ರು ಬೆನ್ನು ಹಿಡಿದುಕೊಂಡರು. ಆದರೂ ಚಾಸಿ ಬಿಟ್ಟು 9.00-16 ಟೈರು ಅಷ್ಟೇ ಎತ್ತುವ ಕಳ್ಳರೂ ಇದ್ದಾರೆ. ಚಕ್ರಕ್ಕೊಂದು ಲಾಕ್ ನಟ್ಟು ಹಾಕಿಸುವುದು ಲೇಸು. ಅದರ ಪಾನಾ ಕಳೆದುಕೊಂಡರೆ ದಾರಿಯಲ್ಲಿ ಪಂಚರ್ ಆದಾಗ ನಾವೇ ಕಳ್ಳರ ಹಾಗೆ ಚಕ್ರದ ಮುಂದೆ ಕೂರಬೇಕು, ಅಷ್ಟೇ.

"ಜಿಪಿಎಸ್ ಹಾಕಸ್ಲೇನು?"

"ಟ್ರ್ಯಾಕ್ಟರ್‌ಗೆ ಬ್ಯಾಟರಿ ಐತಿ, ಡಬ್ಬಿಗೆಲ್ಲೈತಿ? ಒಳಗ ಬ್ಯಾಟರಿ ಇದ್ದ ಸಾಧನಾನ ಬೇಕು," ಎಂದ ತಮ್ಮ. "ಕಬ್ಬಿಣದ ಚಾನಲ್ ಒಳಗ ಮುಚ್ಚಿ ಇಟ್ರ ಸಿಗ್ನಲ್ ಸಿಗಂಗಿಲ್ಲ, ಹೊರಗಿಟ್ರ ಕಳ್ಳಗ ಕಾಣತೈತಿ. ಚಾಸಿ ಕೆಳಗ, ಬಾಯಿ ತೆರದ ಬಾಜೂಕ, ಪ್ಲಾಸ್ಟಿಕ್ ಡಬ್ಬ್ಯಾಗ ಇಡಬೇಕು. ಸಿಮ್ ರೀಚಾರ್ಜ್ ನೆನಪಿರಬೇಕು. ನಿಮ್ಮ ಫೋನಿಗೆ ರೀಚಾರ್ಜ್ ಯಾರ ಮಾಡಸ್ತಾರ?"

"ಮಗ."

"ಹಂಗಾದ್ರ ಬ್ಯಾಡ ಬಿಡ್ರಿ."

ಇಷ್ಟು ಹೊತ್ತು ತಡೆದಿದ್ದ ಮಾಸ್ತರ್ರು ಕಾಗದದ ಮಾತಿಗೆ ಬಂದರು. "ಹೋದಮ್ಯಾಲ ಏನ ಮಾಡ್ತೀರಿ? ನನ್ನ ಡಬ್ಬಿ ಕೆಂಪು ಬಣ್ಣದ್ದು ಅಂತ ಠಾಣಾದಾಗ ಹೇಳ್ತೀರಿ. ಜಿಲ್ಲಾದಾಗ ಇದ್ದ ಡಬ್ಬಿಯೆಲ್ಲಾ ಕೆಂಪು. ಟ್ರೇಲರ್‌ಗೆ ಇಂಜಿನ್ ನಂಬರ್ ಇಲ್ಲ, ಚಾಸಿ ನಂಬರ್ ಒಂದ. ಅದೂ ರಿವೆಟ್ ಹೊಡದ ತಗಡಿನ ಮ್ಯಾಗಷ್ಟ ಇದ್ರ ಉಳಿ ಇಟ್ಟು ಹೊಡದ್ರ ಆತು. ಗೌಡ್ರ, ನಿಮ್ಮ ಡಬ್ಬಿ ಪಾಸಿಂಗ್ ಆಗೇತಿ?"

"ಟ್ರ್ಯಾಕ್ಟರ್ ಆಗೇತಲ್ಲ."

"ಟ್ರ್ಯಾಕ್ಟರ್ ಆರ್‌ಸಿ ಬ್ಯಾರೆ, ಟ್ರೇಲರ್ ಆರ್‌ಸಿ ಬ್ಯಾರೆ. ಇನ್ಶೂರನ್ಸ್ ಪಾಲಿಸಿಯೊಳಗೂ ಟ್ರೇಲರ್ ಸೇರಸಿರಬೇಕು, ಇಲ್ಲಂದ್ರ ಟ್ರ್ಯಾಕ್ಟರ್ ಹೋದ್ರಷ್ಟ ರೊಕ್ಕ."

ಚಾಸಿ ನಂಬರನ್ನು ಇನ್ನೂ ಎರಡು ಕಡೆ ಪಂಚ್ ಹೊಡೆಸಿಡಬೇಕು ಎಂಬುದಕ್ಕೆ ಕಾಕಾ ದನಿಗೂಡಿಸಿದರು: ಚಾನಲ್‌ನ ಒಳಮಗ್ಗುಲಿಗೆ ಒಂದು, ಎಕ್ಸಲ್ ಕೂರುವ ಪಟ್ಟಿಯ ಹಿಂದೆ ಒಂದು. ಬಣ್ಣದಲ್ಲಿ ಬರೆದರೆ ಬಣ್ಣದಲ್ಲಿ ಮುಚ್ಚಿಹೋಗುತ್ತದೆ. ಆಳವಾಗಿ ಪಂಚ್ ಹೊಡೆದದ್ದನ್ನು ಗ್ರೈಂಡರಿನಿಂದ ಸವೆಸಿದರೂ ಅಕ್ಷರದ ಕೆಳಗಿನ ಲೋಹ ಒತ್ತಿ ಬಿಗಿದಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಅಲ್ಲಿ ಆಸಿಡ್ ಹಚ್ಚಿ ಎಷ್ಟೋ ಸಲ ನಂಬರು ಎಬ್ಬಿಸುತ್ತಾರೆ. ಬೆಸುಗೆ ಹಾಕಿದ ಜಾಗ, ತೇಪೆ ಹಚ್ಚಿದ ತಗಡು, ಡೊಂಕಾದ ಕೊಂಡಿ, ಇವುಗಳ ಫೋಟೋ ಫೋನಿನಲ್ಲಿರಬೇಕು. ಇಡೀ ಟ್ರೇಲರ್ ಮುಂದೆ ಹಾರ ಹಾಕಿಕೊಂಡು ನಿಂತ ಫೋಟೋ ಉಪಯೋಗಕ್ಕೆ ಬರುವುದಿಲ್ಲ.

"ಸಿಕ್ರ ಏನ ಶಿಕ್ಷಾ ಮಾಸ್ತರ್ರ?"

"ಭಾರತೀಯ ನ್ಯಾಯ ಸಂಹಿತೆ 305, ಮಾಲು ಸಾಗಿಸೋ ಗಾಡಿ ಕದ್ದವಗ ಏಳು ವರ್ಷದ ತನಕ. ಕಳುವಿನ ಮಾಲು ಅಂತ ಗೊತ್ತಿದ್ದೂ ಕೊಂಡವಗ 317. ಕಾಕಾ, ಕೇಳಿಸ್ತೇನು? ಸೋವಿ ಡಬ್ಬಿ ಬಂತಂತ ಕತ್ತರಿಸಿ ಗುಜರಿಗೆ ಹಾಕಬ್ಯಾಡ."

"ನನ್ನ ಕಡೆ ಯಾಕ ನೋಡ್ತೀರಿ? ನಾ ಆರ್‌ಸಿ ನೋಡದ ಗ್ರೈಂಡರ್ ಚಾಲೂ ಮಾಡಂಗಿಲ್ಲ!"

ಅಕ್ಕ ಮತ್ತೆ ತಲೆ ಹಾಕಿದಳು. "ಕಬ್ಬಿನ ಸೀಜನ್‌ನ್ಯಾಗ ನಸಿಕಲೆ ನಾಕಕ್ಕ ಎದ್ದು, ನಿದ್ದಿಗಣ್ಣಾಗ ಸರಪಳಿ ಮರತು ಟ್ರ್ಯಾಕ್ಟರ್ ಎಳದ್ರ?"

"ಡಿಸ್ಕಿನ ತೂತು ಹರಿತೈತಿ, ಇಲ್ಲಂದ್ರ ಚಾಸಿ ಪಟ್ಟಿ ಬಾಗತೈತಿ. ಟ್ರ್ಯಾಕ್ಟರ್ ಸೊಕ್ಕಿಂದು, ತಡಿಯಂಗಿಲ್ಲ," ಎಂದರು ಕಾಕಾ. "ಅದಕ್ಕ ಟ್ರ್ಯಾಕ್ಟರ್ ಕೀಲಿಗೂ ಸರಪಳಿ ಕೀಲಿಗೂ ಒಂದ ಗೊಂಚಲ ಮಾಡ್ರಿ. ಟ್ರ್ಯಾಕ್ಟರ್ ಕೀಲಿ ಕೈಗೆ ತಗೊಂಡ ಕೂಡ್ಲೆ ಸರಪಳಿ ನೆನಪಾಗಬೇಕು."

"ಚಲೋ ಆತು," ಗೌಡ್ರಿಗೆ ಇದೊಂದು ಪೂರಾ ಹಿಡಿಸಿತು. "ಒಂದ ಕಡೇನ ಇರತಾವ."

"ಈಗ ಟ್ರ್ಯಾಕ್ಟರ್ ಕೀಲಿ ಎಲ್ಲೈತ್ರಿ?"

"ಟ್ರ್ಯಾಕ್ಟರಿನ್ಯಾಗ."

"ಟ್ರ್ಯಾಕ್ಟರ್ ಎಲ್ಲೈತಿ?"

"ಹೊಲದಾಗ." ಗೌಡ್ರ ದನಿ ಇಳಿಯಿತು. "ಡಬ್ಬಿ ಮುಂದ."

"ರಿಂಗು?"

"ಹುಕ್ಕಿಗೆ ಕೂಡ್ಸೇನಿ. ಬಿಚ್ಚೂದು, ಹಾಕೂದು ಯಾಕ ಅಂತ..."

ಚಪ್ಪಲಿ ಅರ್ಧ ಮೆಟ್ಟಿಕೊಂಡೇ ಗೌಡ್ರು ರಸ್ತೆಗಿಳಿದರು. ಕಾಕಾ ಬಾಗಿಲ ತನಕ ಹೋಗಿ ಕೂಗಿದರು: "ಹೋಗಿದ್ದ ಹೋಗ್ತೀರಿ, ರಿಂಗಿನ ಅಳತಿ ತಗೊಂಡ ಬರ್ರಿ! ಅಡ್ಡ ಒಂದು, ಉದ್ದ ಒಂದು!"