ಮಳೆಗಾಲದಲ್ಲಿ ಮಗುವಿನ ಸೀನು: ಮನೆಯಲ್ಲಿ ಏನು ಬದಲಿಸಬೇಕು?

ಪ್ರಶ್ನೆ:
ನಮ್ಮದು ತೀರ್ಥಹಳ್ಳಿಯ ಕಡೆಯ ಮನೆ. ಆರು ವರ್ಷದ ಮಗನಿಗೆ ಧೂಳುಹುಳದ ಅಲರ್ಜಿ ಇರುವುದು ಚರ್ಮದ ಪರೀಕ್ಷೆಯಿಂದ ತಿಳಿಯಿತು. ಮಳೆಗಾಲದಲ್ಲಿ ಬೆಳಗ್ಗೆ ಎದ್ದೊಡನೆ ಸಾಲಾಗಿ ಸೀನುತ್ತಾನೆ, ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿಕೊಳ್ಳುತ್ತಾನೆ. ದಿನಕ್ಕೆರಡು ಬಾರಿ ಗುಡಿಸಿದರೂ ಕಡಿಮೆಯಾಗಿಲ್ಲ. ಇನ್ನೇನು ಮಾಡಬಹುದು?

ಉತ್ತರ 1:
ಒಣ ಪೊರಕೆ ಧೂಳನ್ನು ಗಾಳಿಗೇರಿಸುವುದರಿಂದ, ಮಗು ಕೋಣೆಯಲ್ಲಿ ಇಲ್ಲದಾಗ ಒದ್ದೆ ಬಟ್ಟೆಯಿಂದ ಒರೆಸುವುದೇ ಲೇಸು. ಆದರೆ ಈ ಹುಳಗಳ ನಿಜವಾದ ಬೀಡು ನೆಲವಲ್ಲ, ಹಾಸಿಗೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು, ಗಾಳಿಯ ತೇವವನ್ನೇ ಹೀರಿ ಬದುಕುವ ಅವುಗಳ ಹಿಕ್ಕೆಯೇ ಅಲರ್ಜಿಗೆ ಮುಖ್ಯ ಕಾರಣ. ಹಾಸಿಗೆಗೂ ದಿಂಬಿಗೂ ಒತ್ತಾದ ನೇಯ್ಗೆಯ, ಜಿಪ್ ಇರುವ ಗವಸು ಹಾಕಿ, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯಿರಿ.

ಉತ್ತರ 2:
ಅಜ್ಜಿಯ ಕಾಲದ ಹತ್ತಿಯ ಹಾಸಿಗೆಯನ್ನು ಬಿಡಲು ನಮ್ಮ ಮನೆಯಲ್ಲಿ ಯಾರಿಗೂ, ನನಗೂ ಸಹ, ಮನಸ್ಸಿರಲಿಲ್ಲ, ಕೊನೆಗೆ ಬಿಟ್ಟೆವು. ಮಗಳ ಬಟ್ಟೆಯ ಕರಡಿಯನ್ನು ಮಾತ್ರ ಚೀಲದಲ್ಲಿ ಕಟ್ಟಿ ಒಂದು ದಿನ ಫ್ರೀಜರಿನಲ್ಲಿಟ್ಟು, ಬಳಿಕ ಒಗೆಯುತ್ತೇವೆ. ಚಳಿ ಹುಳವನ್ನು ಕೊಲ್ಲುತ್ತದೆಯೇ ಹೊರತು ಹಿಕ್ಕೆಯನ್ನು ತೆಗೆಯುವುದಿಲ್ಲ.

ಉತ್ತರ 3:
ಸೊಳ್ಳೆಬತ್ತಿ ಮತ್ತು ಊದುಬತ್ತಿಯ ಹೊಗೆಯೂ ಕೆರಳಿದ ಮೂಗನ್ನು ಇನ್ನಷ್ಟು ಕೆರಳಿಸುತ್ತದೆ. ಸೊಳ್ಳೆಪರದೆ ಕಟ್ಟಿ, ಅದನ್ನೂ ಒಗೆಯುತ್ತಿರಿ. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಹರವಬೇಡಿ. ರಾತ್ರಿ ಕೆಮ್ಮು ಅಥವಾ ಉಬ್ಬಸ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.