ಸಹಾಯ ಬೇಕು: ಸ್ಕೀಯಿಂಗ್ ಪ್ರವಾಸಕ್ಕೆ ಪ್ಯಾರಿಸ್‌ನಲ್ಲಿ ರೈಲು ಬದಲಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಲಂಡನ್ನಿನಲ್ಲಿರುವ ನಾವು ಫೆಬ್ರವರಿಯಲ್ಲಿ 6 ಮತ್ತು 9 ವರ್ಷದ ಮಕ್ಕಳೊಂದಿಗೆ ಫ್ರಾನ್ಸಿನ ಆಲ್ಪ್ಸ್ ಪರ್ವತದ ಲೆಜಾರ್ಕ್‌ಗೆ ಸ್ಕೀಯಿಂಗ್ ಮಾಡಲು ರೈಲಿನಲ್ಲೇ ಹೋಗಬೇಕೆಂದುಕೊಂಡಿದ್ದೇವೆ. ಕೊನೆಯ ಹಂತದ ಚಿಂತೆಯಿಲ್ಲ. ಬೆಟ್ಟದ ಕೆಳಗಿನ ಬೂರ್-ಸ್ಯಾಂ-ಮೋರಿಸ್ ನಿಲ್ದಾಣದ ಬಳಿಯಿಂದಲೇ ಹೊರಡುವ ಫ್ಯುನಿಕ್ಯುಲರ್ (ಹಗ್ಗದಿಂದ ಎಳೆಯುವ ಬೆಟ್ಟದ ರೈಲು) ಸುಮಾರು 7 ನಿಮಿಷದಲ್ಲಿ ಮೇಲಕ್ಕೆ ಮುಟ್ಟಿಸುತ್ತದೆ.

ತೊಡಕಿರುವುದು ಪ್ಯಾರಿಸ್‌ನಲ್ಲಿ. ಲಂಡನ್ ರೈಲು ಗಾರ್ ದ್ಯು ನೋರ್ ನಿಲ್ದಾಣಕ್ಕೆ ಬರುತ್ತದೆ, ಆಲ್ಪ್ಸ್ ಕಡೆಯ ರೈಲು ಇನ್ನೊಂದು ನಿಲ್ದಾಣವಾದ ಗಾರ್ ದ ಲಿಯೋನ್‌ನಿಂದ ಹೊರಡುತ್ತದೆ. ನಡುವೆ ನಮಗೆ ಸಿಗುವುದು 75 ನಿಮಿಷ. ಪ್ಯಾರಿಸ್‌ನ ಸ್ಥಳೀಯ ರೈಲಾದ ಆರ್‌ಇಆರ್‌ನ ಡಿ ಮಾರ್ಗದಲ್ಲಿ ಇದು ಎರಡೇ ನಿಲ್ದಾಣಗಳ ದೂರ ಎಂಬುದು ಗೊತ್ತು. ಆದರೆ ನನ್ನ ಎತ್ತರವನ್ನೂ ಮೀರಿದ ಸ್ಕೀ ಚೀಲವನ್ನು ಹೆಗಲಿಗೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಚಿಕ್ಕವಳನ್ನು ಹಿಡಿದು ಆ ಕಿರಿದಾದ ಟಿಕೆಟ್ ಗೇಟುಗಳನ್ನು ದಾಟುವುದನ್ನು ನೆನೆದರೆ ಧೈರ್ಯ ಸಾಲುತ್ತಿಲ್ಲ. ಒಂದೇ ಬುಕಿಂಗ್‌ನಲ್ಲಿ ಎರಡೂ ಟಿಕೆಟ್ ಪಡೆಯಲು ಮೂರು ದಿನ ಪ್ರಯತ್ನಿಸಿದೆ, ನಾಲ್ವರಿಗೆ ಒಟ್ಟಿಗೆ ಸೀಟು ಸಿಗಲಿಲ್ಲ. ಎರಡು ರೈಲುಗಳಿಗೂ ಬಿಡಿಬಿಡಿಯಾಗಿ ಕೊಂಡರೆ ಸಿಗುತ್ತಿದೆ.

ಮಕ್ಕಳೊಂದಿಗೆ ಈ ದಾರಿಯಲ್ಲಿ ಹೋದವರು ದಯವಿಟ್ಟು ತಿಳಿಸಿ: 75 ನಿಮಿಷ ಸಾಕಾಗುತ್ತದೆಯೇ, ಆರ್‌ಇಆರ್ ಬಿಟ್ಟು ಟ್ಯಾಕ್ಸಿ ಹಿಡಿಯುವುದು ಒಳ್ಳೆಯದೇ? ಬಿಡಿ ಟಿಕೆಟ್ ಕೊಂಡಿದ್ದು, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ, ಮುಂದಿನ ರೈಲಿನಲ್ಲಿ ನಿಮ್ಮನ್ನು ಹತ್ತಿಸಿಕೊಂಡರೇ?